ಓದಲು ಬರುವ ಕೋಡೇ ಭದ್ರ ಕೋಡ್: ಸಿಸ್ಟಂ ಕಾಲ್ ಮರುರಚನೆಯ ಒಂದು ಸಮೀಕ್ಷೆ

ಚನ್ನಗಿರಿಯ ಅಡಿಕೆ ಬೆಳೆಗಾರರು ಅಂದಿನ ಧಾರಣೆ ನೋಡಲು ಮೊಬೈಲ್ ತೆಗೆದರೂ, ಹೊನ್ನಾಳಿಯ ಕಿರಾಣಿ ಅಂಗಡಿಯಲ್ಲಿ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಹಣ ಕೊಟ್ಟರೂ ಫೋನಿನೊಳಗೆ ಲೆಕ್ಕವಿಲ್ಲದಷ್ಟು ಸಿಸ್ಟಂ ಕಾಲ್‌ಗಳು ನಡೆದುಹೋಗುತ್ತವೆ. ಆಂಡ್ರಾಯ್ಡ್ ಫೋನುಗಳ ತಳದಲ್ಲಿ ಇರುವುದು ಲಿನಕ್ಸ್ ಕರ್ನೆಲ್. ಯಾವ ಆ್ಯಪ್ ಕೂಡ ತಾನಾಗಿ ಮೆಮೊರಿ ಕಾರ್ಡನ್ನಾಗಲಿ ನೆಟ್‌ವರ್ಕನ್ನಾಗಲಿ ಮುಟ್ಟುವಂತಿಲ್ಲ. ಕರ್ನೆಲ್ಲನ್ನು ಕೇಳಿಯೇ ಪಡೆಯಬೇಕು. ಹಾಗೆ ಕೇಳುವ ವಿಧಾನಕ್ಕೆ ಸಿಸ್ಟಂ ಕಾಲ್ ಎಂದು ಹೆಸರು. ಮೂರು ಕೋಟಿ ಸಾಲುಗಳನ್ನು ಮೀರಿದ ಲಿನಕ್ಸ್ ಕರ್ನೆಲ್ಲಿನಲ್ಲಿ ಈ ಕೇಳಿಕೆಯನ್ನು ಮೊದಲು ಬರಮಾಡಿಕೊಳ್ಳುವ ಭಾಗ ತೀರ ಚಿಕ್ಕದು, ಒಂದೊಂದು ಪ್ರೊಸೆಸರ್ ಕುಟುಂಬಕ್ಕೆ ಒಂದೆರಡು ಸಾವಿರ ಸಾಲು. ಆದರೂ ಕಳೆದ ಎರಡು ದಶಕಗಳಲ್ಲಿ ಇಷ್ಟು ಸಲ ಕಿತ್ತು ಕಟ್ಟಿಸಿಕೊಂಡ ಭಾಗಗಳು ಕರ್ನೆಲ್ಲಿನಲ್ಲಿ ಹೆಚ್ಚಿಲ್ಲ. ಏಕೆ ಕಿತ್ತರು, ಕಟ್ಟಿದ್ದರಿಂದ ಏನು ಸಿಕ್ಕಿತು, ಆ ಶ್ರಮ ಸಾರ್ಥಕವೇ ಎಂಬುದು ಈ ಲೇಖನದ ಪ್ರಶ್ನೆ. ಮೊದಮೊದಲು ಮರುರಚನೆಗೆ ವೇಗ ಕಾರಣವಾಗಿತ್ತು. ಕೊನೆಗೆ ಉಳಿದು ನಿಂತ ಕಾರಣ ಬೇರೆ: ಮನುಷ್ಯರು ಓದಿ ಅರ್ಥ ಮಾಡಿಕೊಳ್ಳಬಹುದಾದ, ಯಂತ್ರ ತಾನೇ ಪರೀಕ್ಷಿಸಬಹುದಾದ ರೂಪಕ್ಕೆ ಆ ಕೋಡನ್ನು ತರುವುದು. ಇದೇ ನನ್ನ ವಾದ. ಈ ಕಥೆಯಲ್ಲಿ ಬೆಂಗಳೂರಿನ ಪಾಲು ಸಣ್ಣದಲ್ಲ ಎಂಬುದೂ ಕನ್ನಡದ ಓದುಗರಿಗೆ ಗೊತ್ತಿರಬೇಕು.

ಚನ್ನಗಿರಿ ತಾಲ್ಲೂಕಿನವರಿಗೆ ಸೂಳೆಕೆರೆಯನ್ನು ನೆನೆದರೆ ವಿಷಯ ಬೇಗ ಹಿಡಿತಕ್ಕೆ ಬರುತ್ತದೆ. ಅಷ್ಟು ದೊಡ್ಡ ಜಲರಾಶಿಯನ್ನು ಏರಿ ತಡೆದು ನಿಲ್ಲಿಸಿದೆ. ನೀರು ಗದ್ದೆ ತೋಟಗಳಿಗೆ ಬರಬೇಕಾದರೆ ತೂಬಿನ ಮೂಲಕವೇ ಬರಬೇಕು. ಏರಿಯನ್ನು ಎಷ್ಟೇ ಗಟ್ಟಿಯಾಗಿ ಕಟ್ಟಿದರೂ ತೂಬು ಹಾಯುವ ಜಾಗದಲ್ಲಿ ಅದನ್ನು ಬಗೆದೇ ಕಟ್ಟಿರುತ್ತಾರೆ, ಹಾಗಾಗಿ ಸೋರಿಕೆಯ ಭಯವೂ ಅಲ್ಲೇ ಹೆಚ್ಚು. ಕರ್ನೆಲ್ಲಿಗೂ ಆ್ಯಪ್‌ಗಳಿಗೂ ನಡುವೆ ಪ್ರೊಸೆಸರ್ ಎಬ್ಬಿಸಿರುವ ಗೋಡೆಯಲ್ಲಿ ಬೇಕೆಂದೇ ಬಿಟ್ಟಿರುವ ದಾರಿ ಸಿಸ್ಟಂ ಕಾಲ್. ದಾಳಿ ಮಾಡುವವರ ಕಣ್ಣು ಮೊದಲು ಬೀಳುವುದು ಆ ದಾರಿಯ ಮೇಲೆಯೇ. ಒಳಗಿನ ಕಡತ ವ್ಯವಸ್ಥೆಯ ಯಾವುದೋ ಮೂಲೆಯಲ್ಲಿ ತಪ್ಪಿದ್ದರೆ ಅದನ್ನು ಬಳಸುವವರಿಗಷ್ಟೇ ತೊಂದರೆ. ಪ್ರವೇಶದ ಕೋಡಿನಲ್ಲಿ ತಪ್ಪಿದ್ದರೆ ಆ ಯಂತ್ರದಲ್ಲಿ ಓಡುವ ಪ್ರತಿಯೊಂದು ಪ್ರೋಗ್ರಾಮೂ ಅದರ ಮೇಲೇ ಹಾದುಹೋಗುತ್ತದೆ. ಆದ್ದರಿಂದ ಇಲ್ಲಿನ ಒಂದು ಸಾಲಿನ ತೂಕವೇ ಬೇರೆ.

ಆ ಸಾಲುಗಳ ಕೆಲಸವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಪ್ರೋಗ್ರಾಂ ತನಗೆ ಬೇಕಾದ ಸೇವೆಯ ಸಂಖ್ಯೆಯನ್ನೂ ವಿವರಗಳನ್ನೂ ರಿಜಿಸ್ಟರುಗಳಲ್ಲಿ ಇಟ್ಟು ಒಂದು ವಿಶೇಷ ಆದೇಶ ಕೊಡುತ್ತದೆ. ಪ್ರೊಸೆಸರ್ ತಕ್ಷಣ ಹೆಚ್ಚಿನ ಅಧಿಕಾರದ ಸ್ಥಿತಿಗೆ ಬದಲಾಗಿ ಕರ್ನೆಲ್ ಮೊದಲೇ ಹೇಳಿಟ್ಟ ವಿಳಾಸಕ್ಕೆ ಜಿಗಿಯುತ್ತದೆ. ಇಂದಿನ 64 ಬಿಟ್ ಇಂಟೆಲ್, ಎಎಂಡಿ ಪ್ರೊಸೆಸರುಗಳಲ್ಲಿ ಆ ಗಳಿಗೆಯಲ್ಲಿ ಸ್ಟ್ಯಾಕ್ ಇನ್ನೂ ಪ್ರೋಗ್ರಾಮಿನದೇ, ಅದನ್ನು ನಂಬುವಂತಿಲ್ಲ. ಮೊದಲು ಕರ್ನೆಲ್ ತನ್ನ ದತ್ತಾಂಶದ ಆಧಾರ ವಿಳಾಸವನ್ನು ಹಿಡಿಯಬೇಕು, ಅಗತ್ಯವಿದ್ದ ಪ್ರೊಸೆಸರುಗಳಲ್ಲಿ ಪೇಜ್ ಟೇಬಲ್ ಬದಲಿಸಬೇಕು, ತನ್ನ ಸ್ಟ್ಯಾಕಿಗೆ ಬರಬೇಕು, ರಿಜಿಸ್ಟರುಗಳನ್ನು ಉಳಿಸಿಡಬೇಕು, ಬಂದ ಸಂಖ್ಯೆ ಮಿತಿಯೊಳಗಿದೆಯೇ ಎಂದು ನೋಡಬೇಕು. ಆಮೇಲಷ್ಟೇ ನಿಜವಾದ ಕೆಲಸ. ಮರಳುವಾಗ ಇದೆಲ್ಲವೂ ತಿರುಗುಮುರುಗಾಗಿ ನಡೆಯಬೇಕು. ನಡುವೆ ಸಿಗ್ನಲ್ ಕಾದಿದ್ದರೆ ಅದನ್ನೂ ಮುಟ್ಟಿಸಬೇಕು. ಈ ಹೆಜ್ಜೆಗಳಲ್ಲಿ ಬಿಡಿಬಿಡಿಯಾಗಿ ಯಾವುದೂ ಕಷ್ಟದ್ದಲ್ಲ, ಕಷ್ಟವಿರುವುದು ಅನುಕ್ರಮದಲ್ಲಿ. ಎರಡು ಹೆಜ್ಜೆ ಅದಲು ಬದಲಾದರೆ, ಅಥವಾ ಎರಡರ ನಡುವೆ ಇನ್ನೊಂದು ಅಡಚಣೆ (ಇಂಟರಪ್ಟ್) ಬಂದು ನುಗ್ಗಿದರೆ, ಕರ್ನೆಲ್ ತನ್ನದಲ್ಲದ ಸ್ಥಿತಿಯನ್ನು ತನ್ನದೆಂದು ನಂಬಿ ನಡೆಯುತ್ತದೆ. ಇದೆಲ್ಲವನ್ನೂ ಬಹುಕಾಲ ಅಸೆಂಬ್ಲಿಯಲ್ಲೇ, ಅಂದರೆ ಪ್ರೊಸೆಸರಿನ ಬಿಡಿ ಆದೇಶಗಳ ಭಾಷೆಯಲ್ಲೇ, ಬರೆದಿದ್ದರು. ಮೊದಲ ಕೆಲವು ಹೆಜ್ಜೆಗಳಿಗೆ ಅಸೆಂಬ್ಲಿ ಅನಿವಾರ್ಯ, ಉಳಿದವು ಅದರಲ್ಲಿದ್ದದ್ದು ವಾಡಿಕೆಯಿಂದ ಮತ್ತು ವೇಗದ ಆಸೆಯಿಂದ.

ವೇಗದ ಆಸೆಗೂ ಆಧಾರವಿತ್ತು. 1991ರ ಮೊದಲ ಲಿನಕ್ಸ್ ಇಂಟೆಲ್ ಪ್ರೊಸೆಸರಿನ ಸಾಫ್ಟ್‌ವೇರ್ ಇಂಟರಪ್ಟ್ ಆದೇಶವನ್ನೇ 128ನೇ ಸಂಖ್ಯೆಯೊಡನೆ ಬಳಸಿಕೊಂಡಿತು. ಪೆಂಟಿಯಂ 4 ಬಂದಾಗ ಗಡಿಯಾರದ ವೇಗ ಏರಿತು, ಆದರೆ ಈ ಇಂಟರಪ್ಟ್ ಹಳೆಯ ಪೆಂಟಿಯಂ 3ಕ್ಕಿಂತ ನಿಧಾನವಾಯಿತು. 2002ರ ಡಿಸೆಂಬರಿನಲ್ಲಿ ಈ ಅಳತೆ ಚರ್ಚೆಗೆ ಬಂದ ಮೇಲೆ ಲಿನಕ್ಸ್ ಸೃಷ್ಟಿಕರ್ತ ಲೀನಸ್ ಟೊರ್ವಾಲ್ಡ್ಸ್ ಅವರು 2.5 ಸರಣಿಯ ಕರ್ನೆಲ್ಲಿಗೆ ಸಿಸ್‌ಎಂಟರ್ ಎಂಬ ವೇಗದ ಆದೇಶದ ಬೆಂಬಲ ಸೇರಿಸಿದರು. ಅದು ಮರಳುವ ವಿಳಾಸವನ್ನು ತಾನಾಗಿ ಉಳಿಸುವುದಿಲ್ಲ. ಆದ್ದರಿಂದ ಪ್ರತಿ ಪ್ರೋಗ್ರಾಮಿನ ಮೆಮೊರಿಯಲ್ಲೂ ಕರ್ನೆಲ್ ತನ್ನದೊಂದು ಪುಟವನ್ನು ಜೋಡಿಸಿ, ಅಲ್ಲಿಂದಲೇ ಕರೆ ಹೋಗಿ ಅಲ್ಲಿಗೇ ಮರಳುವಂತೆ ಮಾಡಿತು. ಇಂದು ಸಮಯ ಕೇಳುವಂಥ ಕೆಲಸವನ್ನು ಕರ್ನೆಲ್ಲಿನೊಳಗೆ ಹೋಗದೆಯೇ ಮುಗಿಸುವ ವಿಡಿಎಸ್ಒ ಆ ಬಗೆಯ ಪುಟದಿಂದ ಬೆಳೆದದ್ದು. 2003ರಲ್ಲಿ ಎಎಂಡಿಯ 64 ಬಿಟ್ ಪ್ರೊಸೆಸರುಗಳು ಸಿಸ್‌ಕಾಲ್, ಸಿಸ್‌ರೆಟ್ ಎಂಬ ಜೋಡಿಯೊಡನೆ ಮಾರುಕಟ್ಟೆಗೆ ಬಂದವು. ಒಳಗೆ ಬರುವುದಕ್ಕೆ ಒಂದು, ಹೊರಗೆ ಹೋಗುವುದಕ್ಕೆ ಇನ್ನೊಂದು; ಎರಡೂ ಕನಿಷ್ಠ ಕೆಲಸ ಮಾಡಿ ಉಳಿದದ್ದನ್ನು ಕರ್ನೆಲ್ಲಿಗೆ ಬಿಡುತ್ತವೆ. ವೇಗ ಸಿಕ್ಕಿತು. ಜೊತೆಗೆ, ಹಿಂದೆ ಯಂತ್ರವೇ ಮಾಡುತ್ತಿದ್ದ ಜಾಗ್ರತೆಯೆಲ್ಲ ಬರೆಯುವವರ ಹೆಗಲಿಗೆ ಬಿತ್ತು.

ಆ ಹೊರೆಯ ಬೆಲೆ ಬೇಗನೆ ಕಾಣಿಸಿತು. ಸಿಸ್‌ರೆಟ್ ಮೂಲಕ ಮರಳುವ ವಿಳಾಸ ಅಸಿಂಧುವಾಗಿದ್ದರೆ ಇಂಟೆಲ್ ಪ್ರೊಸೆಸರುಗಳು ದೋಷವನ್ನು ಎತ್ತುವುದು ಕರ್ನೆಲ್ಲಿನ ಅಧಿಕಾರ ಇನ್ನೂ ಇಳಿಯುವ ಮೊದಲೇ. ಆ ವೇಳೆಗೆ ಸ್ಟ್ಯಾಕ್ ಮಾತ್ರ ಪ್ರೋಗ್ರಾಮಿನದಾಗಿರುತ್ತದೆ. ಲಿನಕ್ಸ್‌ನಲ್ಲಿ ಈ ದೋಷವನ್ನು 2006ರಲ್ಲೇ ತಿದ್ದಿದರು. ಅದೇ ದೋಷ ಆರು ವರ್ಷಗಳ ನಂತರ, 2012ರ ಜೂನ್‌ನಲ್ಲಿ, ಸಿವಿಇ-2012-0217 ಎಂಬ ಹೆಸರಿನಲ್ಲಿ ಝೆನ್, ಫ್ರೀಬಿಎಸ್‌ಡಿ, ನೆಟ್‌ಬಿಎಸ್‌ಡಿ, ವಿಂಡೋಸ್‌ಗಳಲ್ಲಿ ಪತ್ತೆಯಾಯಿತು. ಕೋಡ್ ಎಲ್ಲರಿಗೂ ತೆರೆದಿದ್ದರೂ ಪಾಠ ಒಬ್ಬರಿಂದ ಇನ್ನೊಬ್ಬರಿಗೆ ದಾಟಲಿಲ್ಲ, ಏಕೆಂದರೆ ಅಸೆಂಬ್ಲಿಯ ಒಂದು ಸಾಲು ಅಲ್ಲಿ ಏಕಿದೆ ಎಂಬುದನ್ನು ಆ ಸಾಲು ಹೇಳುವುದಿಲ್ಲ. 2009ರ ಜನವರಿಯದು ಇನ್ನೊಂದು ಬಗೆಯ ದೋಷ: ಎಸ್390, ಪವರ್‌ಪಿಸಿ ಮೊದಲಾದ 64 ಬಿಟ್ ಯಂತ್ರಗಳಲ್ಲಿ 32 ಬಿಟ್ ಮೌಲ್ಯದ ಮೇಲರ್ಧದಲ್ಲಿ ಪ್ರೋಗ್ರಾಂ ತುಂಬಿದ ಕಸ ಹಾಗೆಯೇ ಒಳಗೆ ಬರುತ್ತಿತ್ತು. ಅದಕ್ಕೆ ಪರಿಹಾರವಾಗಿ ಹೈಕೋ ಕಾರ್ಸ್ಟೆನ್ಸ್ ಅವರು ಪ್ರತಿ ಸಿಸ್ಟಂ ಕಾಲ್‌ಗೂ ಒಂದೇ ನಮೂನೆಯ ಹೊದಿಕೆ ತೊಡಿಸುವ ಮ್ಯಾಕ್ರೊಗಳನ್ನು ತಂದರು. 2014ರ ಕೊನೆಯಲ್ಲಿ ಆ್ಯಂಡಿ ಲುಟೊಮಿರ್ಸ್ಕಿ ಅವರು ಮರಳುವ ದಾರಿಯಲ್ಲಿ ಇನ್ನೊಂದು ಗಂಭೀರ ದೋಷವನ್ನು ತೋರಿಸಿದರು: ಮರಳುವ ಆದೇಶವೇ ವಿಫಲವಾದಾಗ ಕರ್ನೆಲ್ ತಪ್ಪು ಆಧಾರ ವಿಳಾಸ ಹಿಡಿದು ಓಡುತ್ತಿತ್ತು. ಮೂರು ಪ್ರಸಂಗಗಳನ್ನೂ ಒಟ್ಟಿಗಿಟ್ಟು ನೋಡಿದರೆ ಒಂದು ಮಾತು ಸ್ಪಷ್ಟ. ಇವು ಅಜ್ಞಾನದ ತಪ್ಪುಗಳಲ್ಲ. ನುರಿತವರು ಬರೆದು ನುರಿತವರು ಪರಿಶೀಲಿಸಿದ ಕೋಡಿನಲ್ಲಿ ವರ್ಷಗಟ್ಟಲೆ ಅಡಗಿದ್ದವು.

ಮರುರಚನೆಯ ದಿಕ್ಕು ಬದಲಾದದ್ದು ಇಲ್ಲಿಂದ. 2015ರಿಂದ ಲುಟೊಮಿರ್ಸ್ಕಿ ಅವರು ಎಕ್ಸ್86 (ಇಂಟೆಲ್, ಎಎಂಡಿ ಕುಟುಂಬದ) ಪ್ರವೇಶದ ತರ್ಕವನ್ನು ಅಸೆಂಬ್ಲಿಯಿಂದ ಸಿ ಭಾಷೆಗೆ ಒಂದೊಂದೇ ತುಂಡಾಗಿ ಸಾಗಿಸಿದರು. ತೀರ ಸರಳ ಕರೆಗಳಿಗೆಂದು ಅಸೆಂಬ್ಲಿಯ ಒಂದು ವೇಗದ ದಾರಿಯನ್ನು ಮಾತ್ರ ಉಳಿಸಿದ್ದರು. 2018ರ ಜನವರಿ 3ರಂದು ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷಗಳು ಬಯಲಾದವು. ಪ್ರೋಗ್ರಾಮಿನ ಕಣ್ಣಿಗೆ ಕರ್ನೆಲ್ ಮೆಮೊರಿ ಬೀಳದಂತೆ, ಆಸ್ಟ್ರಿಯಾದ ಗ್ರಾಜ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರ ಕೈಸರ್ ಯೋಜನೆಯಿಂದ ಬೆಳೆದ ಪೇಜ್ ಟೇಬಲ್ ಪ್ರತ್ಯೇಕಿಸುವ ವಿಧಾನ ಆ ತಿಂಗಳ 4.15 ಆವೃತ್ತಿಗೆ ಬಂತು. ಪ್ರತಿ ಸಿಸ್ಟಂ ಕಾಲ್‌ನ ಖರ್ಚು ಏರಿತು. ಸ್ಪೆಕ್ಟರ್‌ಗೆ ಕಂಡುಕೊಂಡ ಮದ್ದು ಅಸೆಂಬ್ಲಿ ದಾರಿಯ ಲಾಭವನ್ನೇ ನುಂಗಿಹಾಕಿದ್ದರಿಂದ 4.16ರಲ್ಲಿ ಆ ದಾರಿಯನ್ನು ತೆಗೆದೇಬಿಟ್ಟರು. 4.17ರಲ್ಲಿ ಡೊಮಿನಿಕ್ ಬ್ರೊಡೊವ್‌ಸ್ಕಿ ಅವರ ಕೆಲಸದಿಂದ ಪ್ರತಿ ಸಿಸ್ಟಂ ಕಾಲ್ ತನಗೆ ಬೇಕಾದಷ್ಟೇ ಮೌಲ್ಯಗಳನ್ನು ಉಳಿಸಿಟ್ಟ ರಿಜಿಸ್ಟರುಗಳಿಂದ ಎತ್ತಿಕೊಳ್ಳುವಂತಾಯಿತು. ದಾಳಿಕೋರರು ತುಂಬಿದ ಬೇಡದ ಮೌಲ್ಯ ಒಳಗಿನವರೆಗೆ ಹರಿಯುವುದು ನಿಂತಿತು. ಅದೇ ವರ್ಷ 4.19ರಲ್ಲಿ ಮಾರ್ಕ್ ರಟ್ಲೆಂಡ್ ಅವರು ಆರ್ಮ್64 ಪ್ರೊಸೆಸರುಗಳಿಗೂ ಸಿಸ್ಟಂ ಕಾಲ್ ನಿರ್ವಹಣೆಯನ್ನು ಸಿ ಭಾಷೆಗೆ ತಂದರು. ನಮ್ಮ ಜೇಬಿನ ಫೋನುಗಳಲ್ಲಿ ಇರುವುದು ಬಹುಪಾಲು ಆ ಪ್ರೊಸೆಸರುಗಳೇ.

ಈಗ ಬೆಂಗಳೂರಿನ ವಿಷಯ. ಈ ಶತಮಾನದ ಮೊದಲ ವರ್ಷಗಳಲ್ಲಿ ಐಬಿಎಂ ಸಂಸ್ಥೆಯ ಲಿನಕ್ಸ್ ತಂತ್ರಜ್ಞಾನ ಕೇಂದ್ರದ ಒಂದು ಬಲವಾದ ತಂಡ ಬೆಂಗಳೂರಿನಲ್ಲಿತ್ತು. ಅಲ್ಲಿ ನಡೆದ ಮೂರು ಕೆಲಸಗಳು ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿವೆ. ಮೊದಲನೆಯದು ಆರ್‌ಸಿಯು: ಬೀಗ ಹಾಕದೆ ಓದುವ, ಎಲ್ಲ ಪ್ರೊಸೆಸರುಗಳೂ ಹಳೆಯದನ್ನು ಬಿಟ್ಟುಕೊಟ್ಟ ಮೇಲಷ್ಟೇ ಅಳಿಸುವ ವಿಧಾನ. ಪಾಲ್ ಮೆಕೆನ್ನಿ ಮೊದಲಾದವರು ರೂಪಿಸಿದ್ದ ಈ ಕಲ್ಪನೆಯನ್ನು ಲಿನಕ್ಸ್‌ಗೆ ಅಳವಡಿಸಿದ ಕೋಡು ದೀಪಂಕರ್ ಸರ್ಮಾ ಅವರ ಹೆಸರಿನಲ್ಲಿ 2002ರಲ್ಲಿ 2.5.43 ಆವೃತ್ತಿಗೆ ಸೇರಿತು. ಎರಡನೆಯದು ಕೆಪ್ರೋಬ್ಸ್: ಓಡುತ್ತಿರುವ ಕರ್ನೆಲ್ಲಿನಲ್ಲಿ ಬೇಕಾದ ವಿಳಾಸದಲ್ಲಿ ತಡೆ ಇಟ್ಟು ಅಲ್ಲೇನು ನಡೆಯುತ್ತಿದೆ ಎಂದು ನೋಡುವ ಸಾಧನ. ವಂಶಿಕೃಷ್ಣ ಎಸ್. ಮತ್ತು ಪ್ರಸನ್ನ ಪಂಚಮುಖಿ ಅವರ ಹೆಸರುಗಳು ಇಂದಿಗೂ ಆ ಮೂಲ ಕಡತದ ತಲೆಯಲ್ಲಿವೆ. ಅದು 2004ರಲ್ಲಿ 2.6.9ಕ್ಕೆ ಸೇರಿತು. ಮೂರನೆಯದು ಕಾದು ಕೂರದೆ ಓದುವ, ಬರೆಯುವ ಎಐಒ. ಇದನ್ನು ಸಾಮಾನ್ಯ ಕಡತಗಳಿಗೂ ಹಿಗ್ಗಿಸಲು ಸುಪರ್ಣಾ ಭಟ್ಟಾಚಾರ್ಯ ಅವರು ಶ್ರಮಿಸಿ 2003ರ ಒಟ್ಟಾವ ಲಿನಕ್ಸ್ ಸಮ್ಮೇಳನದಲ್ಲಿ ಸಹಲೇಖಕರೊಡನೆ ಪ್ರಬಂಧ ಮಂಡಿಸಿದರು. ಅದೇ ಕಾಲದಲ್ಲಿ ನಗರದಲ್ಲಿ 2001ರಿಂದ ಲಿನಕ್ಸ್ ಬೆಂಗಳೂರು, 2005ರಿಂದ ಫಾಸ್ ಡಾಟ್ ಇನ್ ಎಂಬ ಹೆಸರಿನಲ್ಲಿ ಸಮ್ಮೇಳನಗಳು ನಡೆದು ಇಂಥ ಕೆಲಸಕ್ಕೆ ಒಂದು ವೇದಿಕೆಯೂ ಇತ್ತು.

ಈ ಕೊಡುಗೆಗಳನ್ನು ಹೆಮ್ಮೆಯ ಪಟ್ಟಿಯಾಗಿ ಮಾತ್ರ ಓದಿದರೆ ಮುಖ್ಯ ಸಂಗತಿ ತಪ್ಪಿಹೋಗುತ್ತದೆ. 2020ರ ದೊಡ್ಡ ಮರುರಚನೆ ಅನಿವಾರ್ಯವಾದದ್ದು ಆರ್‌ಸಿಯು, ಕೆಪ್ರೋಬ್ಸ್‌ನಂಥ ಸೌಲಭ್ಯಗಳು ಪ್ರವೇಶದ ಕೋಡಿನಲ್ಲಿ ಒಂದನ್ನೊಂದು ಎದುರಾದದ್ದರಿಂದ. ಒಂದು ಪ್ರೊಸೆಸರ್ ಪ್ರೋಗ್ರಾಮಿನಲ್ಲಿ ಮುಳುಗಿರುವಾಗ ಅದು ಕರ್ನೆಲ್ ದತ್ತಾಂಶ ಹಿಡಿದಿಲ್ಲವೆಂದು ಆರ್‌ಸಿಯು ಲೆಕ್ಕ ಹಾಕುತ್ತದೆ. ಒಳಗೆ ಬಂದ ಕೂಡಲೇ ಬಂದೆನೆಂದು ಅದಕ್ಕೆ ತಿಳಿಸಬೇಕು. ತಿಳಿಸುವ ಮುಂಚಿನ ಕೆಲವೇ ಆದೇಶಗಳ ಅವಧಿಯಲ್ಲಿ ಯಾರಾದರೂ ಕೆಪ್ರೋಬ್ ತಡೆ ಇಟ್ಟಿದ್ದರೆ ಆ ತಡೆಯ ಕೋಡು ಆರ್‌ಸಿಯು ಕಾವಲಿಲ್ಲದ ದತ್ತಾಂಶವನ್ನು ಮುಟ್ಟುತ್ತದೆ. ತಡೆಯೇ ಒಂದು ಅಡಚಣೆಯಾದ್ದರಿಂದ ಮತ್ತೆ ಪ್ರವೇಶದ ಕೋಡನ್ನೇ ಹಾದು ಸುತ್ತಿಗೆ ಬೀಳಬಹುದು. ಥಾಮಸ್ ಗ್ಲೈಕ್ಸ್‌ನರ್, ಪೀಟರ್ ಝೈಲ್‌ಸ್ಟ್ರಾ ಮೊದಲಾದವರು 5.8 ಆವೃತ್ತಿಯಲ್ಲಿ ಅಂಥ ಕೋಡನ್ನೆಲ್ಲ ನೋಇನ್‌ಸ್ಟ್ರ್ ಎಂಬ ಪ್ರತ್ಯೇಕ ವಿಭಾಗಕ್ಕೆ ಸೇರಿಸಿದರು. ಅಲ್ಲಿ ತಡೆ ಇಡುವಂತಿಲ್ಲ, ಅಲ್ಲಿಂದ ಹೊರಗಿನ ಸಾಮಾನ್ಯ ಕೋಡನ್ನು ಅಪ್ಪಣೆಯಿಲ್ಲದೆ ಕರೆಯುವಂತಿಲ್ಲ. ಈ ನಿಯಮ ಮೀರಿದರೆ ಕರ್ನೆಲ್ ಕಟ್ಟುವಾಗಲೇ ಆಬ್ಜ್‌ಟೂಲ್ ಎಂಬ ಸಾಧನ ಎಚ್ಚರಿಸುತ್ತದೆ. ಅಲ್ಲಿಯವರೆಗೆ ತಜ್ಞರ ತಲೆಯಲ್ಲಿದ್ದ ಅನುಕ್ರಮದ ನಿಯಮ ಯಂತ್ರ ಪರೀಕ್ಷಿಸುವ ನಿಯಮವಾಯಿತು. 5.9ರಲ್ಲಿ ಈ ತರ್ಕವೇ ಎಲ್ಲ ಪ್ರೊಸೆಸರುಗಳಿಗೂ ಸಾಮಾನ್ಯವಾದ ಕೋಡಾಗಿ ಬೇರೆ ನಿಂತಿತು. ಎಸ್390, ರಿಸ್ಕ್-5 ಮುಂದೆ ಅದನ್ನು ಸೇರಿದವು. ಪವರ್‌ಪಿಸಿ ತನ್ನದೇ ದಾರಿಯಲ್ಲಿ, ನಿಕೋಲಸ್ ಪಿಗಿನ್ ಅವರ ಕೆಲಸದಿಂದ, 5.7ರಲ್ಲೇ ಸಿ ಭಾಷೆಗೆ ಬಂದಿತ್ತು.

ಈ ಮರುರಚನೆಗೆ ಬರುವ ಮೊದಲ ಆಕ್ಷೇಪ ಹಳೆಯದು, ಗೌರವಕ್ಕೆ ಅರ್ಹವಾದದ್ದು: ನಡೆಯುತ್ತಿರುವುದನ್ನು ಏಕೆ ಮುಟ್ಟಬೇಕು? ಪ್ರತಿ ಮರುರಚನೆಯೂ ಹೊಸ ತಪ್ಪುಗಳನ್ನು ತರುತ್ತದೆ, ಇಲ್ಲಿಯೂ ತಂದಿದೆ. ಆದರೆ ಮುಟ್ಟದೆ ಬಿಟ್ಟ ಕೋಡು ನಿಂತಲ್ಲೇ ನಿಂತಿರುವುದಿಲ್ಲ. ಸುತ್ತಲಿನ ಪ್ರೊಸೆಸರ್ ಬದಲಾಗುತ್ತದೆ, ಆರ್‌ಸಿಯುನಂಥ ಹೊಸ ಸೌಲಭ್ಯ ಬರುತ್ತದೆ, ಹೊಸ ದಾಳಿ ಹುಟ್ಟುತ್ತದೆ. ನಿನ್ನೆ ಸರಿಯಿದ್ದ ಸಾಲು ಇಂದು ತಪ್ಪಾಗುತ್ತದೆ. ಇನ್ನು ಅಪಾಯವನ್ನು ಹದ್ದಿನಲ್ಲಿಡುವ ಎರಡು ಶಿಸ್ತುಗಳು ಲಿನಕ್ಸ್‌ನಲ್ಲಿವೆ. ಬದಲಾವಣೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ಮಾಡಿ, ಎಲ್ಲಿ ಕೆಟ್ಟಿತು ಎಂದು ಹಿಂದೆ ಹೋಗಿ ಹುಡುಕಲು ಬರುವಂತೆ ಇಡುವುದು ಒಂದು. ಒಳಗೆ ಏನೇ ಬದಲಾಗಲಿ ಹೊರಗಿನ ಪ್ರೋಗ್ರಾಂ ಕೆಡಬಾರದು ಎಂಬ ಮಾತಿಗೆ ಕಟ್ಟುಬಿದ್ದಿರುವುದು ಇನ್ನೊಂದು. ಸಿಸ್ಟಂ ಕಾಲ್‌ನ ಸಂಖ್ಯೆ, ರಿಜಿಸ್ಟರುಗಳ ಒಪ್ಪಂದ, ಮರಳುವ ಮೌಲ್ಯದ ಅರ್ಥ ಇವು ಅಚಲ. 128ನೇ ಇಂಟರಪ್ಟ್ ಬಳಸುವ ಹಳೆಯ ಪ್ರೋಗ್ರಾಮುಗಳು, 32 ಬಿಟ್ ಬೆಂಬಲ ಉಳಿಸಿಕೊಂಡ ಕರ್ನೆಲ್ಲಿನಲ್ಲಿ, ಇಂದಿಗೂ ಓಡುತ್ತವೆ. ಹೊರಗಿನ ಮಾತು ಇಷ್ಟು ಗಟ್ಟಿಯಾಗಿರುವುದರಿಂದಲೇ ಒಳಗನ್ನು ಧೈರ್ಯವಾಗಿ ತಿದ್ದಲು ಸಾಧ್ಯವಾಗಿದೆ.

ಎರಡನೆಯ ಆಕ್ಷೇಪ ವೇಗದ್ದು. ಕೈಯಲ್ಲಿ ಬರೆದ ಅಸೆಂಬ್ಲಿಗೆ ಸಿ ಭಾಷೆ ಸಾಟಿಯಾಗದು ಎನ್ನುತ್ತಾರೆ. ಬಿಡಿ ಆದೇಶಗಳನ್ನು ಎಣಿಸಿದರೆ ಕೆಲವು ಕಡೆ ಇದು ನಿಜ. ಆದರೆ 4.16ರ ನಿದರ್ಶನ ನೋಡಿ: ಎಚ್ಚರದಿಂದ ಉಳಿಸಿಕೊಂಡ ವೇಗದ ದಾರಿಯ ಲಾಭವನ್ನು ಪ್ರೊಸೆಸರಿನ ಒಂದು ದೋಷ ಒಂದೇ ತಿಂಗಳಲ್ಲಿ ಇಲ್ಲವಾಗಿಸಿತು. ಹಲವು ಪ್ರೊಸೆಸರುಗಳಲ್ಲಿ ಪ್ರವೇಶದ ಖರ್ಚಿನ ದೊಡ್ಡ ಪಾಲು ಇಂದು ಪೇಜ್ ಟೇಬಲ್ ಬದಲಾವಣೆ ಮತ್ತು ಊಹಾ ಚಾಲನೆಗೆ, ಅಂದರೆ ಮುಂದೇನೆಂದು ಪ್ರೊಸೆಸರ್ ಊಹಿಸಿ ಮೊದಲೇ ಓಡುವುದಕ್ಕೆ, ಹಾಕುವ ತಡೆಗಳು. ಭಾಷೆಯ ಆಯ್ಕೆ ಅಲ್ಲ. 2024ರ ಏಪ್ರಿಲ್‌ನಲ್ಲಿ ಹೊಸದೊಂದು ಊಹಾ ಚಾಲನೆಯ ದಾಳಿ ಬಂದಾಗ ಎಕ್ಸ್86 ಕರ್ನೆಲ್ ಸಿಸ್ಟಂ ಕಾಲ್ ಪಟ್ಟಿಯ ಮೂಲಕ ಪರೋಕ್ಷವಾಗಿ ಜಿಗಿಯುವುದನ್ನು ಬಿಟ್ಟು ನೇರ ಕವಲುಗಳಿಗೆ ಬದಲಾಯಿತು. ಸಿ ಭಾಷೆಯಲ್ಲಿದ್ದುದರಿಂದ ಅದು ಚಿಕ್ಕ ಬದಲಾವಣೆಯಾಗಿ ಮುಗಿಯಿತು. ಅದೇ ವರ್ಷ 6.9 ಆವೃತ್ತಿಗೆ ಸೇರಿದ ಇಂಟೆಲ್‌ನ ಫ್ರೆಡ್ ವ್ಯವಸ್ಥೆ, ಸ್ಟ್ಯಾಕ್ ಬದಲಿಸುವುದನ್ನೂ ಸ್ಥಿತಿ ಉಳಿಸುವುದನ್ನೂ ಪ್ರೊಸೆಸರಿಗೇ ಮರಳಿ ಒಪ್ಪಿಸುತ್ತದೆ. ವೇಗಕ್ಕಾಗಿ ಇಪ್ಪತ್ತು ವರ್ಷ ಹಿಂದೆ ಕೈಬಿಟ್ಟ ಜಾಗ್ರತೆಯನ್ನು ಯಂತ್ರ ಮತ್ತೆ ವಹಿಸಿಕೊಂಡಿದೆ.

ಮೂರನೆಯ ಆಕ್ಷೇಪ ಇನ್ನೂ ಮುಂದೆ ಹೋಗುತ್ತದೆ: ಪ್ರವೇಶ ದುಬಾರಿಯಾದರೆ ಪ್ರವೇಶವನ್ನೇ ತಪ್ಪಿಸಬಾರದೇಕೆ? ಟೊರೊಂಟೊ ವಿಶ್ವವಿದ್ಯಾಲಯದ ಫ್ಲೆಕ್ಸ್‌ಎಸ್‌ಸಿ 2010ರಲ್ಲಿ ಈ ದಾರಿ ತೋರಿಸಿತು. ಹಳೆಯ ಎಐಒ ಮುಖ್ಯ ಕರ್ನೆಲ್ಲಿನಲ್ಲಿ ಹೆಚ್ಚುಕಡಿಮೆ ನೇರ ಡಿಸ್ಕ್ ಓದು ಬರಹಕ್ಕಷ್ಟೇ ಸೀಮಿತವಾಗಿ ಉಳಿದಿತ್ತು; ಆ ಕೊರತೆ ನೀಗಿಸುವಂತೆ ಯೆನ್ಸ್ ಆ್ಯಕ್ಸ್‌ಬೊ ಅವರ ಐಒ ಯೂರಿಂಗ್ 2019ರ 5.1ರಲ್ಲಿ ಬಂತು. ಪ್ರೋಗ್ರಾಂ ಮತ್ತು ಕರ್ನೆಲ್ ಹಂಚಿಕೊಂಡ ಸರದಿಯಲ್ಲಿ ನೂರಾರು ಕೋರಿಕೆಗಳನ್ನು ಹಾಕಿ ಒಂದೇ ಸಲ ಒಳಗೆ ಹೋಗಬಹುದು, ಕೆಲವೊಮ್ಮೆ ಹೋಗದೆಯೂ ಇರಬಹುದು. ಭಾರಿ ಸರ್ವರುಗಳಿಗೆ ಇದು ನಿಜವಾದ ಲಾಭ. ಆದರೆ ಗೂಗಲ್ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಪ್ರಕಾರ, ಅದರ ಕರ್ನೆಲ್ ದೋಷ ಪತ್ತೆ ಬಹುಮಾನಕ್ಕೆ ಬಂದ ದಾಳಿಗಳಲ್ಲಿ ಶೇಕಡಾ 60 ಐಒ ಯೂರಿಂಗ್ ಮೂಲಕವೇ ಬಂದಿದ್ದವು. ಸಂಸ್ಥೆ ಅದನ್ನು ಕ್ರೋಮ್‌ಒಎಸ್‌ನಲ್ಲಿ ನಿಲ್ಲಿಸಿತು, ಆಂಡ್ರಾಯ್ಡ್ ಆ್ಯಪ್‌ಗಳಿಗೆ ಸಿಗದಂತೆ ಮಾಡಿತು. ಹಳೆಯ ದಾರಿಯನ್ನು ತಪ್ಪಿಸಿದರೆ ಪರೀಕ್ಷೆಯ ಹೊಣೆ ತಪ್ಪುವುದಿಲ್ಲ, ಇನ್ನೊಂದು ದಾರಿಗೆ ವರ್ಗವಾಗುತ್ತದೆ.

ನಾಲ್ಕನೆಯದು ನಮ್ಮ ಊರುಗಳದೇ ಪ್ರಶ್ನೆ: ಇದೆಲ್ಲ ದೂರದ ತಜ್ಞರ ಕೆಲಸ, ಜಗಳೂರಿನ, ನ್ಯಾಮತಿಯ ವಿದ್ಯಾರ್ಥಿಗಳಿಗೆ ಇದರಿಂದೇನು? ಇಲ್ಲಿಂದ ದಾವಣಗೆರೆಯ ಯುಬಿಡಿಟಿ, ಬಾಪೂಜಿ ಎಂಜಿನಿಯರಿಂಗ್ ಕಾಲೇಜುಗಳಿಗೋ ಶಿವಮೊಗ್ಗಕ್ಕೋ ಓದಲು ಹೋಗುವವರು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯದಲ್ಲಿ ಆಪರೇಟಿಂಗ್ ಸಿಸ್ಟಂ ವಿಷಯವನ್ನು ಕಲಿಯುತ್ತಾರೆ. ಸಿಸ್ಟಂ ಕಾಲ್‌ಗಳು ಅಲ್ಲಿ ಪರೀಕ್ಷೆಗೆ ಬಾಯಿಪಾಠ ಮಾಡುವ ವರ್ಗೀಕರಣವಾಗಿಯೇ ಉಳಿಯುವ ಅಪಾಯವಿದೆ. ಪ್ರವೇಶದ ಕೋಡು ಅಸೆಂಬ್ಲಿಯಾಗಿದ್ದಾಗ ವಿದ್ಯಾರ್ಥಿಗಳಿಗೆ ಅದನ್ನು ಓದಿ ಎಂದು ಹೇಳುವುದು ಕಷ್ಟವಿತ್ತು. ಈಗ ಆ ನೆಪ ಇಲ್ಲ. ಎರಡನೆಯ ವರ್ಷದ ಸಿ ಭಾಷೆ ಬಲ್ಲವರು ಸಾಮಾನ್ಯ ಪ್ರವೇಶದ ಕಡತವನ್ನು ಶಿಕ್ಷಕರ ನೆರವಿನಿಂದ ಓದಿ ಮುಗಿಸಬಹುದು. ಯಾವ ಪ್ರೋಗ್ರಾಂ ಯಾವ ಕರೆ ಮಾಡುತ್ತದೆಂದು ಎಸ್‌ಟ್ರೇಸ್‌ನಲ್ಲಿ ನೋಡಬಹುದು. ಬೆಂಗಳೂರಿನಲ್ಲಿ ಬರೆದ ಕೆಪ್ರೋಬ್ಸ್ ಬಳಸಿ ಕರ್ನೆಲ್ಲಿನೊಳಗೇ ಇಣುಕಬಹುದು. ಇದಕ್ಕೆ ಬೇಕಾದದ್ದು ಒಂದು ಸಾಧಾರಣ ಕಂಪ್ಯೂಟರ್, ಉಚಿತವಾಗಿ ಸಿಗುವ ಮೂಲ ಕೋಡು ಮತ್ತು ಹೆಜ್ಜೆ ಹೆಜ್ಜೆಯಾಗಿ ಕನ್ನಡದಲ್ಲಿ ವಿವರಿಸುವ ಟಿಪ್ಪಣಿಗಳು. ಮೊದಲೆರಡು ಈಗಾಗಲೇ ಕೈಗೆಟಕುತ್ತವೆ, ಮೂರನೆಯದನ್ನು ನಾವೇ ಬರೆಯಬೇಕು.

ಒಟ್ಟು ತೀರ್ಮಾನ ಇಷ್ಟು. ಸಿಸ್ಟಂ ಕಾಲ್ ನಿರ್ವಹಣೆಯ ಮರುರಚನೆ ಸಾರ್ಥಕವಾಗಿದೆ, ಮತ್ತು ವೇಗಕ್ಕಾಗಿ ಮಾಡಿದ ಮಾರ್ಪಾಡುಗಳಿಗಿಂತ ಓದಿಗಾಗಿ, ಪರೀಕ್ಷೆಗಾಗಿ ಮಾಡಿದವು ಹೆಚ್ಚು ಬಾಳಿವೆ. ಎಲ್ಲರೂ ಹಾಯುವ ದಾರಿಯ ಕೋಡು ಕೆಲವೇ ತಜ್ಞರಿಗೆ ಮಾತ್ರ ಅರ್ಥವಾಗುವ ಸ್ಥಿತಿಯಲ್ಲಿ ಇರಬಾರದು. ಲಿನಕ್ಸ್ ಆ ಸ್ಥಿತಿಯಿಂದ ಬಹುದೂರ ಬಂದಿದೆ. ಇಪ್ಪತ್ತು ವರ್ಷಗಳ ಹಿಂದೆ ಬೆಂಗಳೂರಿನ ಒಂದು ತಂಡ ಈ ಕೋಡಿನ ತಳಹದಿಗೆ ಕೈಹಾಕಿತ್ತು. ಅಂದು ಅವರಿಗಿದ್ದ ತೊಡಕುಗಳಲ್ಲಿ ಹಲವು ಇಂದಿನ ವಿದ್ಯಾರ್ಥಿಗಳಿಗಿಲ್ಲ. ಪದವಿ ಕಾಲೇಜಿನ, ಎಂಜಿನಿಯರಿಂಗ್ ಕಾಲೇಜಿನ ಶಿಕ್ಷಕರು ಮುಂದಿನ ಸೆಮಿಸ್ಟರಿನಲ್ಲಿ ಪಠ್ಯದ ಪಟ್ಟಿಯನ್ನು ಬರೆಸುವುದರ ಜೊತೆಗೆ ಒಂದೇ ಒಂದು ಸಿಸ್ಟಂ ಕಾಲ್ ಒಳಗೆ ಹೋಗಿ ಹೊರಗೆ ಬರುವವರೆಗಿನ ಕೋಡನ್ನು ತರಗತಿಯಲ್ಲಿ ಸಾಲು ಸಾಲಾಗಿ ಓದಿಸಲಿ.